ಏಳು ಗಂಟೆಯ ಸೀಟಿ

ಅಮ್ಮ ತಂಗಿಯ ಬಾಣಂತನಕ್ಕೆ ಅಂತ ಅರಸೀಕೆರೆಗೆ ಹೋಗಿ ಎಂಟನೇ ದಿನಕ್ಕೆ ನಮ್ಮ ಬಾಲ್ಕನಿಯಲ್ಲಿ ಹಸಿ ಕಸದ ನಾಲ್ಕು ಚೀಲ ಸೇರಿದ್ದವು. ಮಾವಿನಹಣ್ಣಿನ ಕಾಲ. ವಾಟೆ, ಸಿಪ್ಪೆ, ಅದರ ಮೇಲೆ ಉಳಿದ ಸಾರು, ಟೀ ಪುಡಿ. ಸಣ್ಣ ನೊಣಗಳು ಅಡುಗೆಮನೆ ದಾಟಿ ಟಿವಿ ಮುಂದೆ ಬಂದು ಕೂತಿದ್ದವು. ಮಗಳು ಮೂಗು ಮುಚ್ಚಿಕೊಂಡೇ ದೋಸೆ ತಿನ್ನೋಳು.

ಅಲ್ಲಿಯವರೆಗೆ ಬೆಂಗಳೂರಿನ ಕಸದ ವ್ಯವಸ್ಥೆ ಪರವಾಗಿಲ್ಲ ಅಂತಲೇ ನಾನು ನಂಬಿದ್ದೆ. ದಿನಾ ಆಟೋ ಬರುತ್ತೆ, ಸೀಟಿ ಊದ್ತಾರೆ, ಬಕೆಟ್ ಖಾಲಿ ಆಗುತ್ತೆ, ಇನ್ನೇನು ಬೇಕು? ಬಕೆಟ್ ತಾನಾಗಿಯೇ ಖಾಲಿ ಆಗ್ತಿರಲಿಲ್ಲ ಅನ್ನೋದು ಅಮ್ಮ ಹೋದ ಮೇಲೆ ಗೊತ್ತಾಯಿತು. ಆರೂವರೆಗೆ ಎದ್ದು, ಕಿವಿಯನ್ನು ರಸ್ತೆ ಕಡೆಗೇ ಇಟ್ಟುಕೊಂಡು, ಕಾಫಿ ಸೋಸುತ್ತಾ, ಎರಡು ತಿರುವಿನ ಆಚೆ ಸೀಟಿ ಕೇಳಿದ ಕೂಡಲೇ ಒಲೆ ಸಣ್ಣ ಮಾಡಿ ಎರಡು ಮಹಡಿ ಇಳಿದು ಹೋಗುತ್ತಿದ್ದವಳು ಅವಳು, ಮಂಡಿನೋವು ಬೇರೆ.

ಹೆಂಡತಿ ಟೀಚರ್. ಆರು ಐವತ್ತಕ್ಕೆ ಅವಳ ಸ್ಕೂಲ್ ಬಸ್. ನಾನು ಆ ಹೊತ್ತಿಗೆ ಮಗಳಿಗೆ ಜಡೆ ಹಾಕ್ತಿರ್ತೀನಿ, ಇಲ್ಲಾ ಬಚ್ಚಲಲ್ಲಿರ್ತೀನಿ. ಆಟೋ ಒಂದು ದಿನ ಆರು ನಲವತ್ತಕ್ಕೆ ಬರುತ್ತೆ, ಇನ್ನೊಂದು ದಿನ ಎಂಟೂ ಕಾಲಿಗೆ. ಮೂರನೇ ದಿನ ಬಕೆಟ್ ಹಿಡಿದು ಗೇಟ್ ಹತ್ತಿರ ಇಪ್ಪತ್ತೈದು ನಿಮಿಷ ನಿಂತೆ, ಬರಲೇ ಇಲ್ಲ. ನಾಲ್ಕನೇ ದಿನ ಸೀಟಿ ಕೇಳಿ, ತಲೆಗೆ ಹಾಕಿದ ಶಾಂಪೂ ಜೊತೆಗೇ ಟವೆಲ್ ಸುತ್ತಿಕೊಂಡು ಓಡಿ ಬರೋ ಹೊತ್ತಿಗೆ ಆಟೋದ ಹಿಂಭಾಗ ಮೂಲೆ ತಿರುಗುತ್ತಿತ್ತು. ಎದುರು ಮನೆ ಆಂಟಿ ನೋಡಿ ನಕ್ಕರು.

ಎಂಟನೇ ದಿನ ರಾತ್ರಿ ಹತ್ತೂವರೆಗೆ ಎರಡು ಚೀಲವನ್ನು ಸ್ಕೂಟರ್‌ನ ಕಾಲಿಡೋ ಜಾಗದಲ್ಲಿಟ್ಟುಕೊಂಡು ಟ್ರಾನ್ಸ್‌ಫಾರ್ಮರ್ ಮೂಲೆಗೆ ಹೋದೆ. ಆಗಲೇ ಅಲ್ಲಿ ಹತ್ತಿಪ್ಪತ್ತು ಚೀಲ ಬಿದ್ದಿದ್ದವು. ಒಂದು ನಾಯಿ ತಲೆ ಎತ್ತಿ ನೋಡಿತು. ಹಾಕಿದೆ. ಸುಳ್ಳು ಯಾಕೆ ಹೇಳಲಿ.

ಅದಕ್ಕೂ ಎರಡು ವಾರ ಮೊದಲು ಭಾನುವಾರದ ಪಾರ್ಕ್ ಮೀಟಿಂಗ್‌ನಲ್ಲಿ ಇದೇ ಮೂಲೆಯ ಬಗ್ಗೆ ಎದ್ದು ನಿಂತು ಭಾಷಣ ಮಾಡಿದವನು ನಾನೇ. 'ಓದಿದವರೇ ಹೀಗೆ ಮಾಡಿದ್ರೆ ಹೇಗೆ' ಅಂತ. ಚಪ್ಪಾಳೆ ಕೂಡ ಬಿದ್ದಿತ್ತು.

ಮೀಟಿಂಗ್ ನಡೆದಿದ್ದು ಕಸದ ದುಡ್ಡಿನ ವಿಷಯಕ್ಕೆ. 2025ರ ಏಪ್ರಿಲ್ 1ರಿಂದ ಬೆಂಗಳೂರಿನ ಮನೆಗಳಿಗೆ ಕಸದ ಬಳಕೆದಾರರ ಶುಲ್ಕ ಬಂತಲ್ಲ, ಆಸ್ತಿ ತೆರಿಗೆ ಜೊತೆ ಸೇರಿಸಿ. 600 ಚದರ ಅಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, ಹಾಗೇ ಏರುತ್ತಾ ಹೋಗಿ 4,000 ಚದರ ಅಡಿ ದಾಟಿದರೆ 400. ಬ್ಯಾಂಕಿಂದ ರಿಟೈರ್ ಆದ ನಮ್ಮ ಬೀದಿಯ ಅಂಕಲ್ ಒಬ್ಬರು ತೆರಿಗೆ ರಸೀದಿಯನ್ನೇ ತಂದಿದ್ದರು. 'ಇಲ್ನೋಡಿ, ಕಸದ ಸೆಸ್ ಅಂತ ವರ್ಷಗಟ್ಟಲೆಯಿಂದ ಕಟ್ತಾ ಇದ್ದೀನಿ. ಈಗ ಅದರ ಪಕ್ಕದಲ್ಲೇ ಇನ್ನೊಂದು ಸಾಲು. ಒಂದೇ ಕಸಕ್ಕೆ ಎಷ್ಟು ಸಲ ಕೊಡಬೇಕು?' ಅವರ ಮಾತು ತಪ್ಪೇನಲ್ಲ. ಹಿಂದೆ ಕರೆಂಟ್ ಬಿಲ್ ಜೊತೆ ವಸೂಲಿ ಮಾಡುವ ಯೋಚನೆ ಬಂದಾಗ ಊರೆಲ್ಲ ಕೂಗಾಡಿ ಅದು ನಿಂತಿತ್ತು. ಈ ಸಲ ತೆರಿಗೆಯೊಳಗೆ ಸದ್ದಿಲ್ಲದೆ ಬಂದು ಕೂತಿತು.

ಆದರೆ ನನಗೆ ದುಡ್ಡಿನ ತಕರಾರು ಅಷ್ಟಾಗಿ ಇಲ್ಲ. ಸ್ವಚ್ಛ ನಗರ ಅಂತ ಹೆಸರಾದ ಇಂದೋರ್‌ನಲ್ಲೂ ಕಸಕ್ಕೆ ಶುಲ್ಕ ಇದೆ, ಜನ ಕಟ್ಟುತ್ತಾರೆ. (ನಮ್ಮಲ್ಲಿ ಕಸದ ಮಾತು ಶುರುವಾದ ಐದನೇ ನಿಮಿಷಕ್ಕೆ ಯಾರಾದರೂ 'ಇಂದೋರ್ ನೋಡಿ' ಅಂದೇ ಅನ್ನುತ್ತಾರೆ. ಈಗ ನಾನೇ ಅಂದೆ.) ದುಡ್ಡು ಕೊಟ್ಟ ಮೇಲೆ ನನ್ನ ಕಸವನ್ನು ನನಗೆ ಸಾಧ್ಯವಾಗುವ ಹೊತ್ತಿನಲ್ಲಿ ಯಾರಾದರೂ ತಗೋತಾರಾ ಅನ್ನೋದು ನನ್ನ ಪ್ರಶ್ನೆ. ಮೀಟಿಂಗ್‌ನಲ್ಲಿ ಅದನ್ನು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಆಗ ಅಮ್ಮ ಮನೆಯಲ್ಲೇ ಇದ್ದಳಲ್ಲ.

ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ನಾನು ಹೈಸ್ಕೂಲಲ್ಲಿದ್ದಾಗ ನಮ್ಮ ರಸ್ತೆಯ ತುದಿಯಲ್ಲಿ ಸಿಮೆಂಟಿನ ತೊಟ್ಟಿ ಇತ್ತು. ಯಾವಾಗ ಬೇಕಾದರೂ ಹೋಗಿ ಸುರಿದು ಬರಬಹುದಿತ್ತು. ಗಬ್ಬು ನಾರುತ್ತಿತ್ತು, ಹಸು ನಾಯಿ ಎಲ್ಲ ಅಲ್ಲೇ, ಅದರ ಪಕ್ಕದ ಮನೆಯವರ ಪಾಡು ದೇವರಿಗೇ ಪ್ರೀತಿ. 2000ದ ನಂತರದ ವರ್ಷಗಳಲ್ಲಿ ಆ ತೊಟ್ಟಿಗಳನ್ನೆಲ್ಲ ಒಡೆದು ಹಾಕಿ ಮನೆ ಬಾಗಿಲಿಗೇ ಬಂದು ಕಸ ಎತ್ತುವ ಪದ್ಧತಿ ತಂದರು. ಮೊದಲು ತಳ್ಳುಗಾಡಿ, ಆಮೇಲೆ ಆಟೋ ಟಿಪ್ಪರ್. ಒಳ್ಳೆಯ ಬದಲಾವಣೆಯೇ. ಆದರೆ ತೊಟ್ಟಿ ಹೋದಾಗ ಅದರ ಜೊತೆ ಇನ್ನೊಂದೂ ಹೋಯಿತು: ಕಸ ಹಾಕುವ ಹೊತ್ತು ನಮ್ಮ ಕೈ ತಪ್ಪಿತು. ಇಪ್ಪತ್ತನಾಲ್ಕು ಗಂಟೆ ಇದ್ದದ್ದು ಅರ್ಧ ನಿಮಿಷಕ್ಕೆ ಬಂತು.

ಅರ್ಧ ನಿಮಿಷ ಅಂತ ಸುಮ್ನೆ ಬರೆದಿಲ್ಲ, ಲೆಕ್ಕ ಹಾಕಿದೆ. ಒಂದು ಆಟೋ ಟಿಪ್ಪರ್‌ಗೆ ಸುಮಾರು 750 ಮನೆ ಅನ್ನೋದು ಇಲ್ಲಿನ ಅಳತೆ. ಬೆಳಗ್ಗೆ ಆರೂವರೆಗೆ ಶುರು ಮಾಡಿ ಹನ್ನೆರಡೂವರೆಗೆ ಮುಗಿಸುತ್ತಾರೆ ಅಂತಿಟ್ಟುಕೊಳ್ಳಿ, ಆರು ಗಂಟೆ. 21,600 ಸೆಕೆಂಡನ್ನು 750ರಿಂದ ಭಾಗಿಸಿದರೆ ಮನೆಗೆ 29 ಸೆಕೆಂಡೂ ಪೂರ್ತಿ ಸಿಗಲ್ಲ. ಅದರಲ್ಲೇ ಗಾಡಿ ಮುಂದಕ್ಕೆ ಹೋಗಬೇಕು, ಟ್ರಾಫಿಕ್ ಬಿಡಬೇಕು, ಹಸಿ ಬೇರೆ ಒಣ ಬೇರೆ ಅಂತ ನೋಡಬೇಕು, ಬೆರೆಸಿ ತಂದವರ ಜೊತೆ ಜಗಳ ಆಡಬೇಕು. ಎರಡನೇ ಮಹಡಿಯಿಂದ ಇಳಿಯೋದಕ್ಕೇ ನನಗೆ ನಲವತ್ತು ಸೆಕೆಂಡ್ ಬೇಕು.

ಅಂದರೆ ಈ ಇಡೀ ವ್ಯವಸ್ಥೆ ಮನೆಯಲ್ಲಿ ಬೆಳಗ್ಗೆ ಬಿಡುವಾಗಿ ಒಬ್ಬರು ಇದ್ದೇ ಇರುತ್ತಾರೆ ಅನ್ನೋ ನಂಬಿಕೆ ಮೇಲೆ ನಿಂತಿದೆ. ಯಾವ ಗುತ್ತಿಗೆ ಪತ್ರದಲ್ಲೂ ಹಾಗೆ ಬರೆದಿರಲಿಕ್ಕಿಲ್ಲ. ಆದರೆ ಆ ಒಬ್ಬರು ಯಾರು ಅಂತ ನಮ್ಮ ಬೀದಿಯಲ್ಲಿ ಏಳು ಗಂಟೆಗೆ ನಿಂತು ನೋಡಿದರೆ ಸಾಕು. ಅಜ್ಜಿಯರು, ಸೊಸೆಯರು, ಮನೆಕೆಲಸದವರು. ಗಂಡಸರು ಬೆರಳೆಣಿಕೆ, ಅವರೂ ರಿಟೈರ್ ಆದವರು.

ಇಲ್ಲದವರು ಏನು ಮಾಡಬೇಕು? ನಮ್ಮ ಮೇಲಿನ ಮನೆಯ ಹುಡುಗಿ ನರ್ಸ್, ರಾತ್ರಿ ಪಾಳಿ ಮುಗಿಸಿ ಬರೋದೇ ಎಂಟೂವರೆಗೆ. ಪಕ್ಕದ ಕಟ್ಟಡದ ಪಿಜಿಯಲ್ಲಿ ಹುಡುಗರು ಎರಡು ಗಂಟೆಗೆ ಮಲಗಿ ಒಂಬತ್ತಕ್ಕೆ ಏಳೋರು. ಗಾರೆ ಕೆಲಸಕ್ಕೆ ಹೋಗುವ ಗಂಡ ಹೆಂಡತಿ ಆರು ಗಂಟೆಗೇ ಮನೆ ಬಿಟ್ಟಿರುತ್ತಾರೆ. ಬಕೆಟನ್ನು ಗೇಟ್ ಹೊರಗಿಟ್ಟು ಹೋದರೆ ನಾಯಿ ಉರುಳಿಸುತ್ತೆ, ಇಲ್ಲಾ ಬಕೆಟ್ಟೇ ಮಾಯ ಆಗುತ್ತೆ. ನಮ್ಮದೇ ಎರಡು ಹೋಗಿವೆ. ಇವರೆಲ್ಲರ ಚೀಲಗಳೂ ಟ್ರಾನ್ಸ್‌ಫಾರ್ಮರ್ ಹತ್ತಿರ ಬಂದು ಸೇರುತ್ತವೆ. ಪಾಲಿಕೆ ಭಾಷೆಯಲ್ಲಿ ಅದಕ್ಕೆ ಬ್ಲ್ಯಾಕ್ ಸ್ಪಾಟ್ ಅಂತ ಹೆಸರು. ಅದು ಯಾರೂ ಹೆಸರಿಟ್ಟು ಕಟ್ಟದ ತೊಟ್ಟಿ, ಅಷ್ಟೇ.

ದೊಡ್ಡ ಅಪಾರ್ಟ್‌ಮೆಂಟಿನವರಿಗೆ ಈ ಕಷ್ಟ ಅರ್ಥ ಆಗೋದು ಸ್ವಲ್ಪ ಕಷ್ಟ, ತಪ್ಪು ತಿಳೀಬೇಡಿ. ದಿನಕ್ಕೆ 100 ಕೆಜಿಗಿಂತ ಜಾಸ್ತಿ ಕಸ ಮಾಡುವವರು ತಮ್ಮ ಕಸ ತಾವೇ ನೋಡಿಕೊಳ್ಳಬೇಕು ಅನ್ನೋ ನಿಯಮ ಇರುವುದರಿಂದ ಅವರು ಖಾಸಗಿಯವರಿಗೆ ದುಡ್ಡು ಕೊಟ್ಟು ಎತ್ತಿಸುತ್ತಾರೆ. ರಾತ್ರಿ ಬಾಗಿಲ ಮುಂದೆ ಬಕೆಟ್ ಇಟ್ಟರೆ ಬೆಳಗ್ಗೆ ಹೌಸ್‌ಕೀಪಿಂಗಿನವರು ಬಂದು ತಗೊಂಡು ಹೋಗ್ತಾರೆ. ಸೀಟಿಗೂ ಅವರಿಗೂ ಸಂಬಂಧವೇ ಇಲ್ಲ. ಆದರೆ ಕಸದ ಬಗ್ಗೆ ಪೇಪರ್‌ನಲ್ಲಿ, ಟಿವಿಯಲ್ಲಿ, ಸಭೆಗಳಲ್ಲಿ ಮಾತಾಡುವವರಲ್ಲಿ ಅವರದೇ ದನಿ ಜೋರು. 'ಮನೆ ಬಾಗಿಲಿಗೇ ಬಂದ್ರೂ ಜನಕ್ಕೆ ಬುದ್ಧಿ ಇಲ್ಲ' ಅಂತ ಅನ್ನೋದು ಬಹಳ ಸುಲಭ.

2025ರ ಅಕ್ಟೋಬರ್ 30ರಂದು ನಡೆದ 'ಕಸ ಸುರಿಯುವ ಹಬ್ಬ' ನೆನಪಿರಬೇಕು. ರಸ್ತೆಗೆ ಕಸ ಎಸೆದವರನ್ನು ವಿಡಿಯೋದಲ್ಲಿ ಗುರುತು ಹಿಡಿದು, ಅವರ ಮನೆ ಮುಂದೆಯೇ ಗಾಡಿಯಲ್ಲಿ ಕಸ ತಂದು ಸುರಿದು, ದಂಡ ಹಾಕಿದರು. ನಾನೂ ಆ ವಿಡಿಯೋಗಳನ್ನು ನೋಡಿ ಖುಷಿಪಟ್ಟವನೇ, ನಾಲ್ಕು ಜನಕ್ಕೆ ಕಳಿಸಿದವನೇ. ಈಗ ಅದನ್ನೇ ಮತ್ತೆ ನೋಡಿದರೆ ಬೇರೆ ಥರ ಕಾಣುತ್ತೆ. ಬೇಕಂತಲೇ ಕಾರಿನಿಂದ ಚೀಲ ಎಸೆದು ಹೋಗುವವರು ಇದ್ದಾರೆ, ಅವರಿಗೆ ದಂಡ ಹಾಕಲಿ, ಎರಡು ಪಟ್ಟು ಹಾಕಲಿ. ಆದರೆ ಮೂಲೆಗೆ ಬಂದ ಪ್ರತಿಯೊಬ್ಬರೂ ಅಂಥವರಲ್ಲ. ಅವತ್ತು ರಾತ್ರಿ ನನ್ನ ವಿಡಿಯೋ ಯಾರಾದರೂ ತೆಗೆದಿದ್ದರೆ ನಮ್ಮ ಗೇಟ್ ಮುಂದೆಯೂ ಹಬ್ಬ ಆಗುತ್ತಿತ್ತು.

ಹಾಗಂತ ಹಳೇ ತೊಟ್ಟಿ ವಾಪಸ್ ತನ್ನಿ ಅಂತ ನಾನು ಹೇಳ್ತಿಲ್ಲ. ಪಾರ್ಕಿನಲ್ಲಿ ಇಬ್ಬರು ಹಾಗೆ ಹೇಳಿದರು. ಅದಕ್ಕೆ ನನ್ನ ವಿರೋಧ ಇದೆ, ಕಾರಣ ಮಂಡೂರು. 2012ರಲ್ಲಿ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಗುಂಡಿ ಮುಚ್ಚಿದ ಮೇಲೆ ಊರಿನ ಕಸ ಹೋಗಲು ಜಾಗವಿಲ್ಲದೆ ರಸ್ತೆಯಲ್ಲೇ ಕೊಳೆಯಿತು. ಬೆಂಗಳೂರಿನವರು ಯಾರೂ ಆ ವಾಸನೆ ಮರೆತಿಲ್ಲ. ಆಮೇಲೆ ಭಾರವೆಲ್ಲ ಹಳೆ ಮದ್ರಾಸ್ ರಸ್ತೆ ಕಡೆಯ ಮಂಡೂರಿನ ಮೇಲೆ ಬಿತ್ತು. ನಾವು ಬೆರೆಸಿ ಕಳಿಸಿದ ಕಸದ ಬೆಟ್ಟದ ಕೆಳಗೆ ಆ ಊರಿನವರು ನೊಣ, ರೋಗ, ಹಾಳಾದ ನೀರಿನ ಜೊತೆ ಬದುಕಿದರು, ಲಾರಿ ತಡೆದು ರಸ್ತೆಯಲ್ಲಿ ಕೂತರು, ಕೊನೆಗೆ 2014ರ ಡಿಸೆಂಬರ್‌ನಿಂದ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬಕೆಟ್ ಒಂದು ಚೀಲದ ಆದೇಶ ಕೊಟ್ಟಿತು. ಹಸಿರು ಬಕೆಟ್‌ಗೆ ಹಸಿ ಕಸ, ಕೆಂಪಿಗೆ ಡೈಪರ್ ಪ್ಯಾಡ್ ಥರದ್ದು, ಚೀಲಕ್ಕೆ ಒಣ ಕಸ. ತೊಟ್ಟಿ ಬಂದರೆ ಇದೆಲ್ಲ ಒಂದೇ ರಾತ್ರಿಯಲ್ಲಿ ಕಲಸಿಹೋಗುತ್ತೆ. ಕಲಸಿದ ಕಸ ಗೊಬ್ಬರವೂ ಆಗಲ್ಲ, ಗುಜರಿಗೂ ಹೋಗಲ್ಲ, ಇನ್ನೊಂದು ಹಳ್ಳಿಗೆ ಹೋಗುತ್ತೆ. ಮಂಡೂರಿನ ನಂತರ ಉತ್ತರದ ಕಡೆಯ ಮಿಟ್ಟಗಾನಹಳ್ಳಿ, ಬೆಳ್ಳಹಳ್ಳಿಯ ಕಲ್ಲು ಕ್ವಾರಿಗಳು ತುಂಬಿದ್ದು ಹಾಗೇ ಅಲ್ವಾ.

ಆದ್ದರಿಂದ ಕಸ ಕೈಯಿಂದ ಕೈಗೇ ಹೋಗಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಎರಡು ಕೈಗಳು ಒಂದೇ ಹೊತ್ತಿಗೆ ಸಿಗಬೇಕು, ಅಷ್ಟೇ ತೊಡಕು.

ಇನ್ನೊಂದು ಸಲಹೆ ಬಂದಿತ್ತು, ಒಣ ಕಸ ದಿನಾ ಬೇಡ, ವಾರಕ್ಕೆ ಎರಡು ದಿನ ಸಾಕು ಅಂತ. ಇದೇನು ಹೊಸದಲ್ಲ. 2020ರ ಹೊತ್ತಿಗೇ ಹಸಿ ಕಸಕ್ಕೆ ಬೇರೆ ಗುತ್ತಿಗೆ, ಒಣ ಕಸ ವಾರಕ್ಕೆರಡು ದಿನ ವಾರ್ಡಿನ ಒಣ ಕಸ ಕೇಂದ್ರದವರಿಗೆ ಅನ್ನೋ ಏರ್ಪಾಡು ಹೊರಟಿತ್ತು. ನನಗೆ ಇಷ್ಟವಾದ ಏರ್ಪಾಡು ಅದು. ಆ ಕೇಂದ್ರಗಳಲ್ಲಿ ಎಷ್ಟೋ ಕಡೆ ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ಕೂತು ಪ್ಲಾಸ್ಟಿಕ್ಕಿನ ಹತ್ತಾರು ಜಾತಿ ಬೇರೆ ಮಾಡುತ್ತಾರೆ. ಹಾಲಿನ ಕವರ್ ತೊಳೆದು ಕೊಟ್ಟರೆ ಅವರಿಗೆ ನಾಲ್ಕು ಕಾಸು. ಒಣ ಕಸ ನಾರಲ್ಲ, ವಾರ ಇಟ್ಟುಕೊಂಡರೂ ನಡೆಯುತ್ತೆ. ದಿನಾ ಎತ್ತೋ ಕಸ ಅಷ್ಟು ಕಮ್ಮಿಯಾದರೆ ಆಟೋದವರಿಗೂ ಹೊತ್ತು ಉಳಿಯುತ್ತೆ. ಉಳಿದ ಹೊತ್ತನ್ನು ಸಂಜೆಗೆ ಹಾಕಿ ಅನ್ನೋದು ನನ್ನ ತಲೆಯಲ್ಲಿ ಓಡಿದ ಯೋಚನೆ. ವಾರದಲ್ಲಿ ಮೂರು ದಿನವಾದರೂ ಸಂಜೆ ಏಳರಿಂದ ಎಂಟೂವರೆಗೆ ಒಂದು ಸುತ್ತು. ನರ್ಸ್, ಪಿಜಿ ಹುಡುಗರು, ಗಾರೆ ಕೆಲಸದವರು, ನಾನು, ಎಲ್ಲರೂ ಆಗ ಮನೆಯಲ್ಲಿರ್ತೀವಿ.

ಈ ಬುದ್ಧಿವಂತಿಕೆಯನ್ನು ಮೊದಲು ಹೇಳಿದ್ದು ನಮ್ಮ ಬೀದಿಯ ಆಟೋ ಅಕ್ಕನಿಗೆ. ಹೆಸರು ಬೇಡ. ಡ್ರೈವರ್ ಅವರ ಗಂಡ, ಇವರು ಹಿಂದೆ ನಿಂತು ಬಕೆಟ್ ಈಸಿಕೊಳ್ಳೋರು. ಒಂದು ಶನಿವಾರ ಬೇಗ ಎದ್ದು ಕೆಳಗೆ ನಿಂತಿದ್ದೆ.

'ಅಕ್ಕ, ಸಂಜೆ ಒಂದ್ ರೌಂಡ್ ಬರೋ ಹಾಗೆ ಮಾಡಿದ್ರೆ ಒಳ್ಳೇದಲ್ವಾ? ನಾವು ಅರ್ಜಿ ಕೊಡ್ತೀವಿ.'

ಅವರು ಬಕೆಟ್ ತಲೆಕೆಳಗು ಮಾಡಿ ಎರಡು ಸಲ ಬಡಿದರು. 'ಸಂಜೆ ಬಂದ್ರೆ ನನ್ನ ಮಕ್ಕಳಿಗೆ ಅನ್ನ ಮಾಡೋರ್ ಯಾರಣ್ಣ?'

ನಾನು ಸುಮ್ಮನಾದೆ. ಅವರು ನಿಲ್ಲಿಸಲಿಲ್ಲ. ನಾಲ್ಕು ಗಂಟೆಗೇ ಎದ್ದು ಬರ್ತಾರಂತೆ. ನಮ್ಮ ಬೀದಿಗಳು ಮುಗಿದ ಮೇಲೆ ಕಾಂಪ್ಯಾಕ್ಟರ್ (ಆಟೋಗಳ ಕಸ ತುಂಬಿಕೊಳ್ಳೋ ದೊಡ್ಡ ಲಾರಿ) ಹತ್ತಿರ ಲೈನು, ಮುಂದೆ ಹತ್ತು ಗಾಡಿ ಇದ್ದರೆ ಬಿಸಿಲಲ್ಲಿ ಒಂದೂವರೆ ಗಂಟೆ. 'ನೀವು ಲೇಟು ಅಂತ ಬೈತೀರಲ್ಲ, ಅವತ್ತು ಎಂಟೂ ಕಾಲಿಗೆ ಯಾಕ್ ಬಂದ್ವಿ ಗೊತ್ತಾ? ಹಿಂದಿನ ದಿನದ ಲೋಡೇ ಖಾಲಿ ಆಗಿರಲಿಲ್ಲ, ಮೊದಲು ಅದನ್ನ ಇಳಿಸಿ ಬರಬೇಕಾಯ್ತು.' ಗಾಡಿ ತುಂಬಿದ್ದರೆ ಎಲ್ಲಿಗೆ ತಾನೇ ಎತ್ತಿಕೊಳ್ಳುತ್ತಾರೆ. ಬಾರದೇ ಹೋದ ದಿನದ ಗುಟ್ಟೂ ಅದೇ ಇರಬೇಕು, ಕೇಳಲಿಲ್ಲ.

ಇನ್ನೊಂದು ಮಾತನ್ನೂ ಸೇರಿಸಿದರು. 2025ರ ಮೇ 1ರಂದು ಸಾವಿರಾರು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಟ್ಟರಲ್ಲ, ಬೀದಿ ಗುಡಿಸುವ ಅವರ ಅತ್ತಿಗೆಗೂ ಸಿಕ್ಕಿದೆಯಂತೆ. 'ನಾವು ಆಟೋದೋರು, ಗುತ್ತಿಗೆ. ಅವಳು ಗುಡಿಸಿದ ಕಸ, ನಾನು ಎತ್ತಿದ ಕಸ, ಎರಡೂ ಒಂದೇ ಲಾರಿಗೆ ಹೋಗುತ್ತೆ.' ಇಷ್ಟು ಹೇಳಿ ಸೀಟಿ ಊದಿಕೊಂಡು ಮುಂದಿನ ಗೇಟಿಗೆ ಹೋದರು. ನನ್ನ 29 ಸೆಕೆಂಡು ಯಾವಾಗಲೋ ಮುಗಿದಿತ್ತು.

ಅವತ್ತಿನಿಂದ ನನ್ನ ಸಂಜೆ ಸುತ್ತಿನ ವಾದಕ್ಕೆ ಒಂದು ಕಾಲು ಕುಂಟಾಗಿದೆ. ಬೆಳಗ್ಗೆ ನಾಲ್ಕಕ್ಕೆ ಎದ್ದವರನ್ನೇ ಸಂಜೆ ಏಳಕ್ಕೂ ಎಳೆದು ತರುವುದಾದರೆ ಅದು ನಮ್ಮ ಅಮ್ಮನ ಮಂಡಿನೋವನ್ನು ಅವರ ಮನೆಗೆ ದಾಟಿಸಿದ ಹಾಗೆ. ಸಂಜೆಗೆ ಬೇರೆ ಜನ ಬೇಕು, ಬೇರೆ ಸಂಬಳ ಬೇಕು, ಕಾಂಪ್ಯಾಕ್ಟರ್ ಲೈನು ಕರಗಬೇಕು. ಇಲ್ಲಿಗೆ ಬಂದು ನಿಂತಾಗಲೇ ಆ ಶುಲ್ಕದ ದುಡ್ಡು ನನಗೆ ಮುಖ್ಯ ಅನ್ನಿಸಿದ್ದು. ಕೊಡ್ತೀನಿ ಸ್ವಾಮಿ, ಆದರೆ ಅದು ಎರಡನೇ ಪಾಳಿಯ ಸಂಬಳ ಆಗಲಿ. ಕ್ಯಾಮೆರಾಕ್ಕೆ, ಕಸ ವಾಪಸ್ ಸುರಿಯೋ ಗಾಡಿಯ ಡೀಸೆಲ್‌ಗೆ ಬೇಡ.

ಆಟೋ ತಪ್ಪಿಸಿಕೊಂಡವರಿಗೆ ಅಂತ ಅಲ್ಲಲ್ಲಿ ಕಸ ತಂದು ಕೊಡುವ ಕಿಯಾಸ್ಕ್ ಇಡುವ ಮಾತೂ ಕೇಳಿ ಬಂತು. ಒಳ್ಳೇದೇ, ಒಂದು ಷರತ್ತಿನ ಮೇಲೆ: ಅಲ್ಲಿ ಒಬ್ಬರು ಮನುಷ್ಯರು ಇರಬೇಕು. ಮನುಷ್ಯರಿಲ್ಲದ ಡಬ್ಬ ಏನಾಗುತ್ತೆ ಅನ್ನೋದನ್ನ ನೆಲದಡಿಯ ತೊಟ್ಟಿಗಳಲ್ಲಿ ನೋಡಿದ್ದೀವಿ. ದುಡ್ಡು ಸುರಿದು ಹೂತರು, ಎಷ್ಟೋ ಕಡೆ ಅದರ ಬಾಯಿ ಕಟ್ಟಿಕೊಂಡು ಚೀಲಗಳು ಮೇಲೇ ಕೂತವು.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದು ಪಾಲಿಕೆ ಆಯಿತು. ಅರ್ಜಿ ಯಾವ ಕಿಟಕಿಗೆ ಕೊಡಬೇಕು ಅಂತ ತಿಳಿಯೋದಕ್ಕೇ ಪಾರ್ಕಿನ ಅಂಕಲ್‌ಗೆ ಎರಡು ವಾರ ಹಿಡಿಯಿತು. ಕೊನೆಗೆ ಅರ್ಜಿ ಬರೆದೆವು. ಶುಲ್ಕ ಕಮ್ಮಿ ಮಾಡಿ ಅನ್ನೋ ಸಾಲು ಅವರದ್ದು. ಸಂಜೆಗೆ ಬೇರೆ ಸಿಬ್ಬಂದಿ ಇಟ್ಟು ಮೂರು ದಿನ ಒಂದು ಸುತ್ತು ಹಾಕಿಸಿ ಅನ್ನೋದು ನನ್ನದು. ಆಟೋದವರನ್ನೂ ಕಾಯಂ ಮಾಡಿ ಅಂತ ನರ್ಸ್ ಹುಡುಗಿ ಪೆನ್ನು ಕೇಳಿ ಕೆಳಗೆ ಬರೆದಳು. ಮೂವತ್ತೊಂದು ಸಹಿ ಬಿದ್ದವು. ಉತ್ತರ ಬಂದಿಲ್ಲ.

ಸದ್ಯಕ್ಕೆ ನಮ್ಮ ಕಟ್ಟಡದಲ್ಲಿ ಒಂದು ಏರ್ಪಾಡಾಗಿದೆ. ಮೆಟ್ಟಿಲ ಕೆಳಗೆ ಮುಚ್ಚಳದ ಎರಡು ದೊಡ್ಡ ಡ್ರಮ್, ಆರು ಮನೆಗೂ ಸೇರಿ. ರಾತ್ರಿ ತಂದು ಹಾಕೋದು, ಹಸಿ ಒಂದರಲ್ಲಿ, ಒಣ ಒಂದರಲ್ಲಿ. ಕೆಂಪು ಬಕೆಟ್ಟಿನದ್ದನ್ನು ಪೇಪರ್‌ನಲ್ಲಿ ಸುತ್ತಿ ಬೇರೆ. ಬೆಳಗ್ಗೆ ಗೇಟಿಗೆ ಎಳೆದು ತರುವ ಪಾಳಿ ಮನೆಗೊಂದು ದಿನ. ಭಾನುವಾರ ಯಾರಿಗೆ ಅನ್ನೋದು ಇನ್ನೂ ಜಗಳದಲ್ಲಿದೆ. ನನ್ನದು ಬುಧವಾರ.

ಅಮ್ಮ ಹೋದ ವಾರ ವಾಪಸ್ ಬಂದಳು. ಬುಧವಾರ ಬೆಳಗ್ಗೆ ನಾನು ಡ್ರಮ್ ಎಳೆದುಕೊಂಡು ಹೊರಟಾಗ ಆಗಲೇ ಎದ್ದು ಕಿಟಕಿ ಹತ್ತಿರ ನಿಂತಿದ್ದಳು. 'ಬಿಡೋ, ನಾನ್ ಹೋಗ್ತೀನಿ' ಅಂದಳು. ಬೇಡ ಅಂದೆ. ಕೆಳಗಿಳಿದು ಗೇಟಲ್ಲಿ ನಿಂತೆ. ಏಳು ಹತ್ತು ಆಯ್ತು, ಏಳು ಇಪ್ಪತ್ತು ಆಯ್ತು. ಅಮ್ಮ ಮೇಲಿಂದ ಬಗ್ಗಿ ನೋಡಿ, 'ಎರಡನೇ ಕ್ರಾಸಲ್ಲಿದೆ, ಇನ್ನೂ ಐದು ನಿಮಿಷ' ಅಂದಳು. ನನಗೆ ಏನೂ ಕೇಳಿಸಿರಲಿಲ್ಲ.